ಸೈಬೀರಿಯಾದಲ್ಲೊಂದು ಅರಳಿ ಮರ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ವಯಸ್ಸು 63. ಕೊಪ್ಪಳದ ಗವಿಮಠದ ಅಶೋಕನ ಶಾಸನವನ್ನು ಮಕ್ಕಳಿಗೆ ತೋರಿಸುತ್ತಲೇ ಮೂವತ್ತು ವರ್ಷ ಕಳೆದೆ. ಬುದ್ಧನ ಮಾತು ಸೈಬೀರಿಯಾದವರೆಗೂ ಹೋಗಿದೆ ಎಂದು ಓದಿದಾಗಿನಿಂದ ರಷ್ಯಾದ ಬುರ್ಯಾತಿಯಾ ಸೀಮೆಯ ರಾಜಧಾನಿ ಉಲಾನ್-ಉದೆ ನೋಡುವ ಆಸೆ. ಮಗಳೊಂದಿಗೆ ಹೋದರೆ ಐದು ದಿನ ಸಾಕೇ? ನಾವು ಶಾಕಾಹಾರಿಗಳು.
— ಓದುಗರೊಬ್ಬರು, ಗಂಗಾವತಿ

ಉತ್ತರ: ಸಾಲದು ಅಕ್ಕನವರೇ, ಎಂಟು ದಿನವಾದರೂ ಇಟ್ಟುಕೊಳ್ಳಿ. ಎರಡು ವರ್ಷದ ಹಿಂದೆ ಸೆಪ್ಟೆಂಬರಿನಲ್ಲಿ ಹೋದ ನಾನು ಇದ್ದದ್ದು ಐದೇ ದಿನ. ಬೈಕಲ್ ಸರೋವರಕ್ಕೆ ಉಳಿದದ್ದು ಒಂದು ಮಧ್ಯಾಹ್ನ. ಆ ಕೊರಗು ಇನ್ನೂ ಹೋಗಿಲ್ಲ.

ಮೊದಲು ಇವೊಲ್ಗಿನ್‌ಸ್ಕ್ ದತ್ಸಾನಿಗೆ ಹೋಗಿ. ಬುರ್ಯಾತ್ ಜನ ಬೌದ್ಧ ವಿಹಾರವನ್ನು ದತ್ಸಾನ್ ಎನ್ನುತ್ತಾರೆ. ಊರಿನಿಂದ ಸುಮಾರು ಒಂದು ಗಂಟೆಯ ದಾರಿ. 1930ರ ದಶಕದಲ್ಲಿ ಸೋವಿಯತ್ ಸರ್ಕಾರ ಆ ಸೀಮೆಯ ದತ್ಸಾನ್‌ಗಳನ್ನು ಮುಚ್ಚಿಸಿ ಲಾಮಾಗಳನ್ನು ಸೆರೆಗೆ ತಳ್ಳಿತ್ತು. 1945ರಲ್ಲಿ ಬಟ್ಟಬಯಲಿನಲ್ಲಿ ಈ ದತ್ಸಾನ್ ಕಟ್ಟಲು ಅನುಮತಿ ಸಿಕ್ಕಿತು. ಆ ಸೀಮೆಯ ಬೌದ್ಧರ ಮುಖ್ಯ ಗುರುವಾಗಿದ್ದ ಖಂಬೋ ಲಾಮಾ ಇತಿಗೆಲೋವ್ 1927ರಲ್ಲಿ ಪದ್ಮಾಸನದಲ್ಲೇ ದೇಹ ಬಿಟ್ಟವರು. 2002ರಲ್ಲಿ ಹೊರತೆಗೆದ ಆ ದೇಹವನ್ನು ಇಲ್ಲಿಯ ಗುಡಿಯಲ್ಲಿ ಕೂರಿಸಿದ್ದಾರೆ. ಹಬ್ಬದ ದಿನಗಳಲ್ಲಿ ದರ್ಶನವಿರುತ್ತದೆ. ಆವರಣವನ್ನು ನಮ್ಮ ಪ್ರದಕ್ಷಿಣೆಯಂತೆಯೇ ಬಲಗೊಂಡು ಸುತ್ತಬೇಕು.

ಸುತ್ತುವಾಗ ಒಂದು ಗಾಜಿನ ಮನೆ ಸಿಗುತ್ತದೆ, ತಪ್ಪಿಸಬೇಡಿ. ಒಳಗಿರುವುದು ಅರಳಿ ಮರ, ಬೋಧಿವೃಕ್ಷ. ನಮ್ಮ ಗೋಡೆಯ ಬಿರುಕಿನಲ್ಲಿ ಯಾರೂ ಕರೆಯದೆ ಹುಟ್ಟುವ ಮರವನ್ನು ಅವರು ಮಗುವಿನಂತೆ ಬೆಚ್ಚಗಿಟ್ಟು ಸಾಕುತ್ತಾರೆ. ಜನವರಿಯಲ್ಲಿ ಅಲ್ಲಿಯ ಚಳಿ ಮೈನಸ್ 20 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆಯಲ್ಲ! ನಾನು ಹೋದಾಗ ಗಾಜಿನ ಒಳಮೈಗೆ ಹನಿ ಕಟ್ಟಿತ್ತು. ಒಂದೆಲೆಯ ಉದ್ದನೆಯ ತುದಿ ಆ ತೇವಕ್ಕೆ ಅಂಟಿಕೊಂಡಿತ್ತು. ನಮ್ಮೂರ ಕಟ್ಟೆಯ ಎಲೆಯೇ. ಬಿಟ್ಟು ಬರಲು ಕಾಲು ಏಳಲಿಲ್ಲ.

ಪಕ್ಕದಲ್ಲಿದ್ದ ತರುಣ ಲಾಮಾ ಎಲ್ಲಿಯವರೆಂದು ಕೇಳಿದರು. ಕರ್ನಾಟಕ ಎಂದೆ. ಅವರ ಮುಖ ಅರಳಿತು. ಮುಂಡಗೋಡಿನ ಟಿಬೆಟನ್ ವಸಾಹತಿನ ಗೋಮಾಂಗ್ ವಿಹಾರದಲ್ಲಿ ಓದಿ ಬಂದವರು ಅವರು. ಬುರ್ಯಾತ್ ಭಿಕ್ಷುಗಳು ಅಲ್ಲಿಗೆ ಓದಲು ಬರುವ ರೂಢಿಯಿದೆ. ನೆನಪಿನಲ್ಲಿ ಉಳಿದ ಎರಡು ಮಾತು ಹೇಳಿದರು: "ಹುಬ್ಬಳ್ಳಿ ಬಸ್", "ಬಾಳೆಹಣ್ಣು". ನೀವು ಶಾಸನ ತೋರಿಸಿದ ಮಕ್ಕಳಿಗೆ ಇದನ್ನೂ ಹೇಳಿ.

ಊರಿನೊಳಗೆ ಲೆನಿನ್ನನ 42 ಟನ್ ತೂಕದ ತಲೆಯ ಪ್ರತಿಮೆಯಿದೆ. ಅದಕ್ಕೆ ಅರ್ಧ ಗಂಟೆ ಸಾಕು.

ಊಟದ್ದೇ ಕಷ್ಟ. ಅಲ್ಲಿಯ ಬೂಜ್ ನೋಡಲು ನಮ್ಮ ಹಬೆಯ ಕಡಬಿನಂತಿದ್ದರೂ ಒಳಗಿರುವುದು ಮಾಂಸ. ಹುಳಿ ಕೆನೆಯನ್ನು ಹಿಟ್ಟಿನೊಂದಿಗೆ ಕಾಸಿ ಮಾಡುವ ಸಲಾಮತ್ ನಿಮಗೆ ಒಗ್ಗುತ್ತದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಧಾರಾಳವಾಗಿ ಕಟ್ಟಿಕೊಳ್ಳಿ. ನಮ್ಮ ಬ್ಯಾಂಕುಗಳ ವೀಸಾ, ಮಾಸ್ಟರ್‌ಕಾರ್ಡ್ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲ, ಆದ್ದರಿಂದ ನಗದು ಒಯ್ಯಿರಿ. ಭಾರತೀಯರಿಗೆ ಇ-ವೀಸಾ ಇದೆ. ಟಿಕೆಟ್ ಕೊಳ್ಳುವ ಮುನ್ನ ನಮ್ಮ ವಿದೇಶಾಂಗ ಸಚಿವಾಲಯದ ಪ್ರಯಾಣ ಸೂಚನೆ ನೋಡಿ. ಮಾಸ್ಕೋದಿಂದ ರೈಲಿನಲ್ಲಿ 5,600 ಕಿಲೋಮೀಟರಿಗೂ ಹೆಚ್ಚು, ಮೂರು ದಿನಕ್ಕೂ ಮೀರಿದ ಹಾದಿ. ನಿಮ್ಮ ಮೊಣಕಾಲಿಗೆ ವಿಮಾನವೇ ಲೇಸು.

ಉಳಿದ ದಿನಗಳನ್ನು ಸರೋವರಕ್ಕೆ ಕೊಡಿ. ಊರಿನ ಮಗ್ಗುಲಲ್ಲಿ ಹರಿಯುವ ಸೆಲೆಂಗಾ ನದಿಯೇ ಬೈಕಲ್‌ಗೆ ಬಂದು ಸೇರುವ ಅತಿ ದೊಡ್ಡ ನದಿ. ಪೂರ್ವ ದಂಡೆಗೆ ಬಸ್ಸಿನಲ್ಲಿ ಎರಡು ಮೂರು ಗಂಟೆ. ತುಂಗಭದ್ರಾ ಜಲಾಶಯದ ಹಿನ್ನೀರು ನೋಡುತ್ತ ಬೆಳೆದ ನನಗೂ ಆ ನೀರು ಹೊಸದು. ಮೊಣಕಾಲುದ್ದದಲ್ಲಿ ಪ್ರತಿ ಕಲ್ಲಿನ ಗೆರೆ ಕಾಣುತ್ತದೆ, ನಡುವೆ ಆಳ 1,642 ಮೀಟರ್. ಕೈ ಮುಳುಗಿಸಿ ಹತ್ತು ಎಣಿಸುವಷ್ಟರಲ್ಲಿ ಬೆರಳು ಜೋಮು ಹಿಡಿದವು. ದಂಡೆಯ ಹಳ್ಳಿಯಲ್ಲಿ ಎರಡು ರಾತ್ರಿ ತಂಗಿ, ಬೆಳಕು ಹರಿಯುವಾಗ ನೀರಿನ ಬಳಿಗೆ ಹೋಗಿ.

ಪ್ರಶ್ನೆ: ಹೆಪ್ಪುಗಟ್ಟಿದ ಬೈಕಲ್ ಮೇಲೆ ನಡೆಯಬಹುದೇ?
— ಕಾಲೇಜು ವಿದ್ಯಾರ್ಥಿ, ಸಿಂಧನೂರು

ಉತ್ತರ: ನಡೆಯಬಹುದು. ಜನವರಿಯಲ್ಲಿ ಹೆಪ್ಪುಗಟ್ಟಿದರೆ ಕರಗುವುದು ಮೇ ಹೊತ್ತಿಗೆ. ಮಾರ್ಚ್ ಒಳ್ಳೆಯ ಕಾಲ. ಆದರೆ ಮಂಜುಗಡ್ಡೆ ಬಿರುಕು ಬಿಡುತ್ತಲೇ ಇರುತ್ತದೆ. ಅಲ್ಲಿಯವರೊಬ್ಬರು ಜೊತೆಗಿಲ್ಲದೆ ಇಳಿಯಬೇಡ ತಮ್ಮಾ. ಬೂಟಿನ ಅಡಿಗೆ ಕಟ್ಟುವ ಮೊಳೆಪಟ್ಟಿಯನ್ನು ಅಲ್ಲೇ ಕೊಳ್ಳು.