ಇಸ್ತಾಂಬುಲ್‌ನ ಮಸಾಲೆ ಮಾರುಕಟ್ಟೆ ಮಸೀದಿ ಪಕ್ಕದಲ್ಲೇ ಯಾಕಿದೆ?

ಸಿಂಧನೂರಿನ ಗೆಳೆಯರೇ, ಇಸ್ತಾಂಬುಲ್‌ನ ಮಸಾಲೆ ಮಾರುಕಟ್ಟೆಯನ್ನು ಮಸೀದಿಗೆ ಹೊಂದಿಕೊಂಡೇ ಯಾಕೆ ಕಟ್ಟಿದರು ಅಂತ ಕೇಳಿದ್ದೀರಿ. ಕಾರಣ ಬಾಡಿಗೆ. ಹೊಸ ಮಸೀದಿಯ ಖರ್ಚು ನಡೆಯಲಿ ಅಂತಲೇ ಸುಲ್ತಾನನ ತಾಯಿ ತುರ್ಹಾನ್ 1660ರ ದಶಕದಲ್ಲಿ ಇದನ್ನು ಕಟ್ಟಿಸಿದರು. ನಮ್ಮಲ್ಲೂ ದೇವಸ್ಥಾನದ ಅಂಗಡಿ ಬಾಡಿಗೆಯಲ್ಲಿ ದೀಪದೆಣ್ಣೆ ಖರ್ಚು ನಡೆಯುತ್ತದೆ ಅಲ್ವಾ, ಹಾಗೇ.

ಕಟ್ಟಡ ಎಲ್ ಆಕಾರದ್ದು. ಎತ್ತರದ ಕಮಾನು ಚಾವಣಿ, ಎರಡೂ ಬದಿಗೆ ಅಂಗಡಿ. ಮೇಲಿನ ಕಿಟಕಿಗಳಿಂದ ಬೆಳಕು ಬರುತ್ತದೆ, ಸರಕಿಗೆ ಬಿಸಿಲು ಜಾಸ್ತಿ ತಾಗುವುದಿಲ್ಲ. ಬಳ್ಳಾರಿ ಕಡೆ ಬ್ಯಾಡಗಿ ಮೆಣಸಿನಕಾಯಿ ಬೆಳೆಯುವವರಿಗೆ ಇದರ ಬೆಲೆ ಗೊತ್ತು. ಒಣಗಿದ ಮೇಲೂ ಕಣದಲ್ಲೇ ಬಿಟ್ಟರೆ ಕಾಯಿ ಬಿಳಿಚಿಕೊಳ್ಳುತ್ತದೆ, ರೇಟು ಬಿದ್ದುಹೋಗುತ್ತದೆ.

ಹಂಪಿಗೆ ಹೋದಾಗ ವಿರೂಪಾಕ್ಷ ಬಜಾರನ್ನೂ ಗಮನಿಸಿ. ಅಲ್ಲಿ ಸಾಲುಮಂಟಪಗಳಿಗಷ್ಟೇ ಕಲ್ಲಿನ ಮಾಡು. ತೇರು ಎಳೆಯುವ ನಡುವಿನ ಬೀದಿ ಪೂರ್ತಿ ಬಯಲು.