ಓದುಗರ ಪ್ರಶ್ನೆ: ರಾಕಿ ಪರ್ವತದಲ್ಲಿ ಸೈಕಲ್, ಜುಲೈನಲ್ಲಾ ಅಕ್ಟೋಬರ್‌ನಲ್ಲಾ?

ಪ್ರಶ್ನೆ: ನಾವು ಅಮೆರಿಕದ ಡೆನ್ವರ್ ಪಕ್ಕದ ಅರೋರಾದಲ್ಲಿ ಇದ್ದೇವೆ. ಜುಲೈನಲ್ಲಿ ಹೆಂಡತಿಯ ತಮ್ಮ ಬೆಂಗಳೂರಿಂದ ಬರುತ್ತಿದ್ದಾನೆ. ಭಾನುವಾರ ಬೆಳಗ್ಗೆ ನಂದಿ ಬೆಟ್ಟಕ್ಕೆ ಸೈಕಲ್ ಹತ್ತಿಸುವ ಹುಡುಗ. ನನಗೂ ತಕ್ಕಮಟ್ಟಿಗೆ ಅಭ್ಯಾಸ ಇದೆ. ರಾಕಿ ಮೌಂಟನ್ ನ್ಯಾಷನಲ್ ಪಾರ್ಕಿನಲ್ಲಿ ಒಂದು ದಿನ ಮೌಂಟನ್ ಬೈಕ್ ಓಡಿಸೋಣ ಅಂತಿದ್ದೇವೆ. ತೀರಾ ಕಷ್ಟ ಬೇಡ, ತೀರಾ ಸಪ್ಪೆಯೂ ಬೇಡ. ಎಲ್ಲಿ, ಹೇಗೆ?

ಉತ್ತರ: ಮೊದಲು ಬೇಸರದ ಸುದ್ದಿ. ಆ ಪಾರ್ಕಿನ ಕಾಲುದಾರಿಗಳಿಗೆ ಸೈಕಲ್ ಬಿಡುವುದಿಲ್ಲ. ಗ್ರ್ಯಾಂಡ್ ಲೇಕ್ ಕಡೆ ಈಸ್ಟ್ ಶೋರ್ ಟ್ರೇಲಿನ ಎರಡು ಮೈಲಿ ತುಂಡೊಂದು ಬಿಟ್ಟರೆ ಉಳಿದದ್ದು ರಸ್ತೆಗಳೇ. ಬೇರು, ಬಂಡೆ ಹಾರಿಸಿಕೊಂಡು ಹೋಗುವ ಆಸೆ ಇದ್ದರೆ ಪಾರ್ಕಿನ ಹೊರಗಿನ ನ್ಯಾಷನಲ್ ಫಾರೆಸ್ಟ್‌ಗಳಿಗೆ ಹೋಗಿ.

ಆದರೆ ಒಳಗೆ ಮೌಂಟನ್ ಬೈಕಿಗೆ ಹೇಳಿ ಮಾಡಿಸಿದ ಒಂದು ರಸ್ತೆ ಇದೆ, ಓಲ್ಡ್ ಫಾಲ್ ರಿವರ್ ರೋಡ್. 1913ರಲ್ಲಿ ಜೈಲಿನ ಕೈದಿಗಳನ್ನು ಹಚ್ಚಿ ಕೆಲಸ ಶುರು ಮಾಡಿದ್ದು, 1920ರಲ್ಲಿ ತೆರೆದದ್ದು. 1932ರಲ್ಲಿ ಪಾರ್ಕಿನ ಈಗಿನ ಮುಖ್ಯ ರಸ್ತೆ ಟ್ರೇಲ್ ರಿಡ್ಜ್ ರೋಡ್ ಬಂದ ಮೇಲೆ ದೊಡ್ಡ ಗಾಡಿಗಳೆಲ್ಲ ಅತ್ತ ಹೋದವು, ಇದು ಮಣ್ಣು ಜಲ್ಲಿಯ ಇಕ್ಕಟ್ಟು ದಾರಿಯಾಗಿಯೇ ಉಳಿಯಿತು. ಕಾರುಗಳ ವೇಗದ ಮಿತಿ ಗಂಟೆಗೆ 15 ಮೈಲಿ. ಹಾಗಾಗಿ ಕಾರಿಗಿಂತ ಅದು ಎಬ್ಬಿಸುವ ಧೂಳೇ ಜಾಸ್ತಿ ಕಾಟ.

ಜಲ್ಲಿ ದಾರಿ ಶುರುವಾಗುವ ಎಂಡೊವ್ಯಾಲಿಯಿಂದ ಮೇಲಿನ ಆಲ್ಪೈನ್ ವಿಸಿಟರ್ ಸೆಂಟರ್‌ವರೆಗೆ ಸುಮಾರು 15 ಕಿ.ಮೀ., ಏರು ಹತ್ತಿರ ಹತ್ತಿರ 1,000 ಮೀಟರ್. ನಂದಿಯನ್ನು ಬುಡದಿಂದ ಎರಡು ಸಲ ಹತ್ತಿದಷ್ಟು. ಅಷ್ಟೇನಾ ಅಂತ ನಿಮ್ಮ ಭಾಮೈದ ನಗಬಹುದು. ನಂದಿಯ ತುದಿ 1,478 ಮೀಟರ್, ಇಲ್ಲಿ ಶುರುವಾಗುವುದೇ ಸುಮಾರು 2,600ರಲ್ಲಿ, ಮುಗಿಯುವುದು 3,595ರಲ್ಲಿ. ಪಾರ್ಕಿನ ಪಕ್ಕದಲ್ಲಿ ನೀವು ಉಳಿದುಕೊಳ್ಳಬೇಕಾದ ಎಸ್ಟೆಸ್ ಪಾರ್ಕ್ ಊರೇ ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರದಲ್ಲಿದೆ. ಮೇಲೆ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲು ಮಾತ್ರ. ಕಾಲಿನಲ್ಲಿ ಶಕ್ತಿ ಇರುತ್ತದೆ, ಉಸಿರು ಸಾಲುವುದಿಲ್ಲ.

ಇನ್ನು ಅಸಲಿ ತೊಡಕು. ಕಾರು ಬಿಡುವ ತಿಂಗಳುಗಳಲ್ಲಿ, ಅಂದರೆ ಸಾಮಾನ್ಯವಾಗಿ ಜುಲೈ ಮೊದಲ ವಾರದಿಂದ ಅಕ್ಟೋಬರ್ ಮೊದಲವರೆಗೆ, ಈ ರಸ್ತೆ ಒನ್ ವೇ, ಮೇಲಕ್ಕೆ ಮಾತ್ರ. ಸೈಕಲ್ಲಿಗೂ ಅದೇ ನಿಯಮ. ಅರ್ಧ ದಾರಿಯಲ್ಲಿ ಹುಡುಗನಿಗೆ ತಲೆನೋವು, ವಾಕರಿಕೆ ಶುರುವಾಯಿತು ಅಂದ್ಕೊಳ್ಳಿ. ಎತ್ತರದ ಕಾಯಿಲೆಗೆ ಮದ್ದು ಕೆಳಗಿಳಿಯುವುದು. ಇಲ್ಲಿ ವಾಪಸ್ ತಿರುಗುವ ಹಾಗಿಲ್ಲ. ಕಾರಿಗೆ ಹತ್ತಿಸಿಕೊಂಡರೂ ಅದು ಇನ್ನೂ ಮೇಲಕ್ಕೇ ಹೋಗಿ ಆಮೇಲೆ ಇಳಿಯಬೇಕು! ಆದ್ದರಿಂದ ಜುಲೈನಲ್ಲಿ ಇದು ಸಾಧಾರಣ ಸವಾರಿ ಆಗುವುದು ಎರಡು ಷರತ್ತಿನ ಮೇಲೆ.

ಒಂದು, ಅವನು ಎರಡು ಮೂರು ರಾತ್ರಿಯಾದರೂ ಡೆನ್ವರ್ ಎತ್ತರದಲ್ಲಿ, ಆಮೇಲೆ ಎರಡು ರಾತ್ರಿ ಎಸ್ಟೆಸ್ ಪಾರ್ಕಿನಲ್ಲಿ ಮಲಗಿರಬೇಕು. ವಿಮಾನ ಇಳಿದ ಮಾರನೇ ದಿನವೇ ಹೊರಡಿಸಬೇಡಿ. ಸವಾರಿಯ ದಿನ ಎಂಡೊವ್ಯಾಲಿವರೆಗಿನ ಡಾಂಬರು ದಾರಿಯನ್ನು ಪರೀಕ್ಷೆ ಅಂದುಕೊಳ್ಳಿ, ಅಲ್ಲಿಂದ ತಿರುಗಿ ಬರಬಹುದು. ಸಮತಟ್ಟಿನಲ್ಲೇ ತಲೆ ಭಾರ ಅನಿಸಿದರೆ ಅಲ್ಲಿಗೇ ನಿಲ್ಲಿಸಿ, ಹಠ ಬೇಡ.

ಎರಡು, ನಿಮ್ಮ ಹೆಂಡತಿ ಕಾರು ತಗೊಂಡು ಟ್ರೇಲ್ ರಿಡ್ಜ್ ರಸ್ತೆಯಲ್ಲಿ ಮೇಲೆ ಬಂದು ಕಾಯಬೇಕು. (ಅವರನ್ನೂ ಕೇಳಿ ಆಮೇಲೆ ಪ್ಲಾನ್ ಮಾಡಿ, ಆಯ್ತಾ?) ಮೇಲಿಂದ ಸುಮ್ನೆ ಜಾರಿಕೊಂಡು ಬಂದುಬಿಡಬಹುದು ಅಂತ ಬಹಳ ಜನ ತಿಳಿದಿರುತ್ತಾರೆ. ಎಸ್ಟೆಸ್ ಪಾರ್ಕ್ ಕಡೆ ಹೊರಟರೆ ಟ್ರೇಲ್ ರಿಡ್ಜ್ ಮೊದಲು ಇನ್ನೂ ನೂರಕ್ಕೂ ಹೆಚ್ಚು ಮೀಟರ್ ಏರಿ, 3,713 ಮೀಟರ್ ಮುಟ್ಟಿ, ಆಮೇಲೆ ಇಳಿಯುತ್ತದೆ. ಸುಸ್ತಾದ ಕಾಲು, ಅಡ್ಡಗಾಳಿ, ಪಕ್ಕದಲ್ಲೇ ಸಾಲು ಕಾರು, ತಡೆಗೋಡೆ ಇಲ್ಲದ ಅಂಚು. ಸೈಕಲ್ಲನ್ನು ಕಾರಿಗೆ ಕಟ್ಟಿ ಇಳಿಯಿರಿ, ಮರ್ಯಾದೆ ಏನೂ ಹೋಗುವುದಿಲ್ಲ.

ಬೆಳಗ್ಗೆ ಆರಕ್ಕೆಲ್ಲ ಪೆಡಲ್ ತುಳಿಯುತ್ತಿರಬೇಕು. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನ ಗುಡುಗು ಸಿಡಿಲು ಮಾಮೂಲು, ರಸ್ತೆಯ ಕೊನೆಯ ಭಾಗದಲ್ಲಿ ಮರಗಳೇ ಇಲ್ಲ. ಬಯಲಲ್ಲಿ ಎತ್ತರದ ವಸ್ತು ಅಂದರೆ ನೀವೇ. ಬೇಗ ಹೋಗುವುದರಿಂದ ಇನ್ನೊಂದು ಲಾಭವೂ ಇದೆ. ಈಚಿನ ವರ್ಷಗಳಲ್ಲಿ ಬೇಸಿಗೆಯಲ್ಲಿ ಈ ಭಾಗಕ್ಕೆ ಬೆಳಗ್ಗೆ 9ರಿಂದ ಮಧ್ಯಾಹ್ನ 2ರವರೆಗೆ ಒಳಹೋಗಲು ಮುಂಗಡ ಬುಕಿಂಗ್ ಬೇಕಿತ್ತು, ಅದಕ್ಕೆ ಮೊದಲು ಹೋದವರಿಗೆ ಬೇಕಿರಲಿಲ್ಲ. ಈ ಸಲದ ನಿಯಮ ಪಾರ್ಕಿನ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. 2026ರಿಂದ ವಿದೇಶದಿಂದ ಬಂದವರಿಗೆ ವಾರ್ಷಿಕ ಪಾಸ್ ಇಲ್ಲದಿದ್ದರೆ ತಲಾ 100 ಡಾಲರ್ ಹೆಚ್ಚುವರಿ ಶುಲ್ಕ ಇಟ್ಟಿದ್ದಾರೆ. ಭಾಮೈದನ ಲೆಕ್ಕಕ್ಕೆ ಅದನ್ನೂ ಸೇರಿಸಿ.

ಹತ್ತುವಾಗ ಒಂದು ಮಾತು ನೆನಪಿರಲಿ. ಕಡಿದಾದ ತಿರುವುಗಳಲ್ಲಿ ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಸಡಿಲ ಜಲ್ಲಿಯಲ್ಲಿ ಗಿರ್ರನೆ ಸುತ್ತಿ ಅಲ್ಲೇ ನಿಂತುಬಿಡುತ್ತದೆ. ಸೀಟಿನ ಮುಂತುದಿಗೆ ಸರಿದು, ಎದೆ ಬಗ್ಗಿಸಿ, ಅತಿ ಹಗುರ ಗೇರಿನಲ್ಲಿ ಸಣ್ಣಗೆ ತುಳಿಯುತ್ತಿರಿ. ಟೈರಿನಲ್ಲಿ ಗಾಳಿ ಸ್ವಲ್ಪ ಕಡಿಮೆ ಇದ್ದರೆ ಹಿಡಿತವೂ ಸಿಗುತ್ತದೆ, ಕೈಗೆ ಕುಲುಕೂ ಕಮ್ಮಿ. ಮಾತಾಡಿಕೊಂಡು ಹೋಗಲು ಆಗದಷ್ಟು ಏದುಸಿರು ಬಂದರೆ ನಿಧಾನಿಸಿ. ತಲಾ ಮೂರು ಲೀಟರ್ ನೀರು, ವಿಂಡ್‌ಚೀಟರ್, ಪೂರ್ತಿ ಬೆರಳಿನ ಗ್ಲೌಸ್ ಇರಲಿ. ಜುಲೈ ಅಂತ ಮೋಸ ಹೋಗಬೇಡಿ, ಮೇಲೆ ಗಾಳಿ ಕೊರೆಯುತ್ತದೆ.

ಪ್ರಶ್ನೆ: ನಾನು ಫೋರ್ಟ್ ಕಾಲಿನ್ಸ್‌ನಲ್ಲಿದ್ದೇನೆ, ಐವತ್ತು ದಾಟಿದೆ. ಅದೇ ರಸ್ತೆಗೆ ಹೋಗುವ ಆಸೆ, ಆದರೆ ತುದಿವರೆಗೆ ನನ್ನಿಂದಾಗದು. ಕಾರುಗಳೂ ಬೇಡ.

ಉತ್ತರ: ಹಾಗಾದರೆ ಅಕ್ಟೋಬರ್ ನಿಮ್ಮದು. ಕಾರುಗಳಿಗೆ ಗೇಟು ಹಾಕಿದ ಮೇಲೆ, ದುರಸ್ತಿ ಕೆಲಸ ಇಲ್ಲದ ದಿನಗಳಲ್ಲಿ, ಸೈಕಲ್ಲಿಗೆ ಎರಡೂ ದಿಕ್ಕು ಮುಕ್ತ. ಸಾಕು ಅನಿಸಿದ ಕಡೆ ತಿರುಗಿಸಿಕೊಂಡು ಬರಬಹುದು. ಕ್ಯಾಸಮ್ ಫಾಲ್ಸ್ ಜಲಪಾತ ಎಂಡೊವ್ಯಾಲಿಯಿಂದ ಎರಡು ಕಿ.ಮೀ. ಚಿಲ್ಲರೆ, ಅಷ್ಟಕ್ಕೇ ಹೋಗಿ ಬಂದರೂ ಒಳ್ಳೆಯ ಬೆಳಗು. ಕೆಳಗಿನ ಹುಲ್ಲುಗಾವಲಲ್ಲಿ ಆಗ ಎಲ್ಕ್ ಅನ್ನುವ ದೊಡ್ಡ ಜಿಂಕೆಗಳಿಗೆ ಬೆದೆಯ ಕಾಲ, ಗಂಡುಗಳು ರೇಗಿರುತ್ತವೆ. ಕನಿಷ್ಠ 75 ಅಡಿ ದೂರ ಇರಬೇಕು ಅನ್ನುವುದು ಪಾರ್ಕಿನ ನಿಯಮ, ಅದಕ್ಕಿಂತ ದೊಡ್ಡ ಜಿಂಕೆಯಾದ ಮೂಸ್ ಕಂಡರೆ 120 ಅಡಿ. ನೆರಳಿನ ತಿರುವುಗಳಲ್ಲಿ ಮಂಜುಗಡ್ಡೆ ಇರುತ್ತದೆ, ಇಳಿಯುವಾಗ ಹುಷಾರು.

ಪ್ರಶ್ನೆ: ಬೆಂಗಳೂರಿಂದ ನಮ್ಮ ಸೈಕಲ್ಲೇ ತಗೊಂಡು ಹೋಗೋದಾ, ಅಲ್ಲೇ ಬಾಡಿಗೆಗಾ?

ಉತ್ತರ: ಒಂದೆರಡು ದಿನಕ್ಕಾದರೆ ಬಾಡಿಗೆ. ಹೆಲ್ಮೆಟ್ ಮತ್ತು ನಿಮಗೆ ಒಗ್ಗಿದ ಪೆಡಲ್ ಮಾತ್ರ ಒಯ್ಯಿರಿ. ಡಿಸ್ಕ್ ಬ್ರೇಕ್ ಇರುವುದನ್ನೇ ಕೇಳಿ. ಇನ್ನೊಂದು, ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಬ್ರೇಕ್, ಅಲ್ಲಿ ಎಡಗೈಯದು. ಅಂಗಡಿಯ ಮುಂದೆಯೇ ನಾಲ್ಕು ಸುತ್ತು ಹೊಡೆದು ಕೈಗೆ ರೂಢಿ ಮಾಡಿಸಿಕೊಳ್ಳಿ.