ಮೊದಲು ಊರಿನ ಪ್ಲಂಬರನ ನಂಬರು, ಆಮೇಲೆ ವಿಮೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಓದುಗರೊಬ್ಬರು ಬೆಂಗಳೂರಿನಿಂದ ಬರೆದಿದ್ದಾರೆ: ‘ಊರಿನ ಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೇ. ಪೈಪು ಒಡೆದರೆ, ಕರೆಂಟು ಕೆಟ್ಟರೆ, ಬೀಗ ಸಿಕ್ಕಿಕೊಂಡರೆ ಒಂದು ಕರೆಗೆ ಆಳು ಬರುತ್ತಾನೆಂದು ಬ್ಯಾಂಕಿನವರು ವರ್ಷಕ್ಕೆ 2,499 ರೂಪಾಯಿಯ ಗೃಹ ತುರ್ತು ವಿಮೆ ಮಾಡಿಸಲು ಹೇಳುತ್ತಿದ್ದಾರೆ. ಮಾಡಿಸಲೇ?’

ಬೇಡ. ದೂರದಲ್ಲಿದ್ದೂ ಹೆತ್ತವರ ಚಿಂತೆ ಮಾಡುವ ನಿಮ್ಮ ಮನಸ್ಸು ದೊಡ್ಡದು, ಆದರೆ ಆ ಹಣಕ್ಕೆ ಬೇರೆ ದಾರಿಯಿದೆ.

ಬ್ರಿಟನ್ನಿನಂಥ ಚಳಿಯ ದೇಶಗಳಲ್ಲಿ ಈ ಬಗೆಯ ವಿಮೆಗೆ ಅರ್ಥವಿದೆ. ಜನವರಿಯಲ್ಲಿ ಮನೆ ಬಿಸಿ ಮಾಡುವ ಬಾಯ್ಲರ್ ಕೆಟ್ಟರೆ ಅಲ್ಲಿ ಮನೆಯೊಳಗೆ ಇರಲಾಗದು, ಕೆಲಸಗಾರರ ಕೂಲಿಯೂ ವಿಪರೀತ. ನೆರೆಯವರ ಪರಿಚಯವೇ ಇಲ್ಲದ ಬೆಂಗಳೂರಿನ ಫ್ಲ್ಯಾಟಿನಲ್ಲಿರುವವರಿಗೂ ಉಪಯೋಗವಾಗಬಹುದು. ಆದರೆ ನಿಮ್ಮ ಹೆತ್ತವರು ಇರುವುದು ಬದಿಯಡ್ಕದಲ್ಲಿ. ಇಂಥ ಯೋಜನೆಗಳಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಇಷ್ಟೇ ಕರೆ, ಕರೆಯೊಂದಕ್ಕೆ ಇಷ್ಟೇ ಹಣ ಎಂಬ ಮಿತಿ ಇರುತ್ತದೆ. ಬಿಡಿಭಾಗದ ಬೆಲೆ ಹೆಚ್ಚಾಗಿ ನಿಮ್ಮದೇ. ಮೊದಲೇ ಇದ್ದ ದೋಷಕ್ಕೆ ಪರಿಹಾರವಿಲ್ಲ. ಬಾವಿಯ ಪಂಪು ಸೇರಿದೆಯೇ ಎಂದು ಕೇಳಿ ನೋಡಿ.

ಮುಳ್ಳೇರಿಯದ ನನ್ನ ಪರಿಚಿತರೊಬ್ಬರು ಇಂಥದ್ದೇ ಯೋಜನೆ ಕೊಂಡಿದ್ದರು. ಆಟಿ ತಿಂಗಳ ಮಳೆಯಲ್ಲಿ ಟ್ಯಾಂಕಿನ ಪೈಪು ಕಳಚಿತು. ಕಂಪನಿಗೆ ಕರೆ ಮಾಡಿದರೆ ಫೋನಿನಲ್ಲಿ ಹಿಂದಿ. 671ರಿಂದ ಆರಂಭವಾಗುವ ಕಾಸರಗೋಡಿನ ಪಿನ್‌ಕೋಡ್ ಹೇಳಿದ ಮೇಲೆ, ನಾಳೆ ಆಳು ಕಳುಹಿಸುತ್ತೇವೆ ಎಂದರು. ಅಷ್ಟರಲ್ಲಿ ಪಕ್ಕದ ಓಣಿಯ ಪ್ಲಂಬರ್ ರೈನ್‌ಕೋಟ್ ಹಾಕಿಕೊಂಡು ಬಂದು ಕೆಲಸ ಮುಗಿಸಿ ಹೋಗಿದ್ದ. ಆ ಕೂಲಿಯನ್ನು ಕಂಪನಿ ಕೊಡಲಿಲ್ಲ, ಪೂರ್ವಾನುಮತಿ ಪಡೆದಿಲ್ಲವಂತೆ.

ಅಂಥ ಊರಿನ ಪ್ಲಂಬರನ ಬಗ್ಗೆ ನನಗೆ ಹೇಳಬೇಕಾದ್ದು ಬಹಳವಿದೆ. ಮನೆಯ ವಾಲ್ವು ಎಲ್ಲಿದೆ, ಯಾವ ಗೋಡೆಯೊಳಗೆ ಹಳೆಯ ಜಿಐ ಪೈಪು ಹೋಗಿದೆ ಎಂಬುದು ಅವನಿಗೆ ಗೊತ್ತು. ನಿಮ್ಮ ತಂದೆಯೊಡನೆ ಅವನು ಕನ್ನಡದಲ್ಲೋ ತುಳುವಿನಲ್ಲೋ ಮಾತನಾಡುತ್ತಾನೆ. ಅವನ ಐನೂರು ರೂಪಾಯಿಗೆ ನಾವು ಚೌಕಾಸಿ ಮಾಡುತ್ತೇವೆ, ಮುಖ ನೋಡದ ಕಂಪನಿಗೆ ವರ್ಷದ ಹಣವನ್ನು ಮುಂಗಡವಾಗಿ ಕಟ್ಟುತ್ತೇವೆ. ಹೀಗೆ ಮಾಡಿಯೇ ಕೈಕಸುಬಿನ ಹುಡುಗರನ್ನು ಮಂಗಳೂರಿಗೆ, ಗಲ್ಫಿಗೆ ಕಳುಹಿಸಿದ್ದೇವೆ. ನೀವು ಆ 2,499 ರೂಪಾಯಿಯನ್ನು ಮೇ ತಿಂಗಳಲ್ಲೇ ಊರಿನ ವಯರಿಂಗ್‌ನವರಿಗೂ ಪ್ಲಂಬರನಿಗೂ ಹಂಚಿಬಿಡಿ. ಅರ್ತಿಂಗ್ ಪರೀಕ್ಷಿಸಲಿ, ಕರೆಂಟು ಸೋರಿದರೆ ತಾನೇ ಕಡಿದುಬಿಡುವ ಇಎಲ್‌ಸಿಬಿಯ ಬಟನ್ ಒತ್ತಿ ನೋಡಲಿ, ಸವೆದ ವಾಷರು ಬದಲಿಸಲಿ. ಅವರ ನಂಬರುಗಳನ್ನು ಅಮ್ಮನ ಕಣ್ಣಿಗೆ ಬೀಳುವಂತೆ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿ. ಜೊತೆಗೆ ಗ್ಯಾಸ್ ಸೋರಿದರೆ 1906, ವಿದ್ಯುತ್ ದೂರಿಗೆ 1912, ಬೆಂಕಿಗೆ 101. ಇವಕ್ಕೆ ಚಂದಾ ಬೇಕಿಲ್ಲ.

ಹಾಗಾದರೆ ವಿಮೆಯೇ ಬೇಡವೇ? ಬೇಕು, ಆದರೆ ಮನೆಯೇ ಹೋಗುವಂಥ ನಷ್ಟಕ್ಕೆ. 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿ ಇದೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕುಸಿತ, ಹಂಚಿನ ಮೇಲೆ ಉರುಳುವ ತೆಂಗಿನಮರ, ಒಡೆದು ಹರಿಯುವ ಟ್ಯಾಂಕು, ಎಲ್ಲವೂ ಅದರಲ್ಲಿ ಸೇರಿವೆ. ವಿಮೆಯ ಮೊತ್ತವನ್ನು ಜಾಗದ ಬೆಲೆ ಬಿಟ್ಟು, ಮನೆಯನ್ನು ಮತ್ತೆ ಕಟ್ಟುವ ಖರ್ಚಿನ ಮೇಲೆ ಲೆಕ್ಕ ಹಾಕಿಸಿ. ಅದರ 20 ಶೇಕಡಾದಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಯ ಸಾಮಾನಿಗೂ ತಾನಾಗಿಯೇ ರಕ್ಷಣೆ ಸಿಗುತ್ತದೆ. ಆದರೆ ತುಲಾ ತಿಂಗಳ ಸಂಜೆ ಮಿಂಚಿನಿಂದ ಕರೆಂಟು ಏರಿ ಪಂಪಿನ ಮೋಟಾರು ಸುಟ್ಟರೆ ಹಣ ಸಿಗುತ್ತದೆಂದು ನಂಬಬೇಡಿ. ಹಾಗೆ ಕೆಟ್ಟ ಯಂತ್ರವನ್ನು ಪಾಲಿಸಿ ಹೊರಗಿಟ್ಟಿದೆ.

ಈ ಷರತ್ತು ನಿಮ್ಮ ತಂದೆಗೆ ತಿಳಿಯುವುದಾದರೂ ಹೇಗೆ? ನಾನು ನೋಡಿದ ಪಾಲಿಸಿಗಳೆಲ್ಲ ಇಂಗ್ಲಿಷಿನಲ್ಲಿವೆ, ಕರಪತ್ರ ಮಲಯಾಳದಲ್ಲಿ. 1956ರಲ್ಲಿ ಗಡಿ ಎಳೆದು ಕಾಸರಗೋಡನ್ನು ಕೇರಳಕ್ಕೆ ಸೇರಿಸಿದಾಗಿನಿಂದ ಇಲ್ಲಿನ ಕನ್ನಡಿಗರು ತಮಗೆ ಓದಲಾಗದ ಕಾಗದಗಳಿಗೆ ಸಹಿ ಹಾಕುತ್ತಲೇ ಬಂದಿದ್ದಾರೆ. ಇಲ್ಲಿನ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಕೊಟ್ಟಿದೆ. ಅದನ್ನು ಕೇಳಿ ಪಡೆಯುವವರು ಎಷ್ಟು ಮಂದಿ? ಇನ್ನು ಬ್ಯಾಂಕು, ವಿಮಾ ಕಂಪನಿಗಳ ಕೌಂಟರಿನಲ್ಲಿ ಕನ್ನಡದ ಅರ್ಜಿ ಕೇಳಿದರೆ, ತಪ್ಪು ಮಾಡಿದವರಂತೆ ನಮ್ಮನ್ನು ನೋಡುತ್ತಾರೆ. ಹಣ ಕಟ್ಟುವಾಗ ನಾವು ಬೇಕು, ನಮ್ಮ ಭಾಷೆ ಬೇಡ! ಪರಿಹಾರ ನಿರಾಕರಿಸಿದರೆ ವಿಮೆಯ ದೂರುಗಳನ್ನು ಇತ್ಯರ್ಥಪಡಿಸುವ ಕೊಚ್ಚಿಯ ವಿಮಾ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು ಎಂಬ ಮಾತನ್ನೂ ನಿಮ್ಮ ತಂದೆಯಂಥವರಿಗೆ ಯಾರೂ ಕನ್ನಡದಲ್ಲಿ ಹೇಳಿಲ್ಲ.

ನೀವು ಓದಿದವರು. ಷರತ್ತುಗಳ ಕನ್ನಡ ಪ್ರತಿ ಕೊಡಿ ಎಂದು ಆ ಬ್ಯಾಂಕಿಗೆ ಬರೆಯಿರಿ. ಉತ್ತರ ಬಂದರೆ ನಮಗೆ ಕಳುಹಿಸಿ, ಪ್ರಕಟಿಸುತ್ತೇವೆ. ತಿಂಗಳೊಳಗೆ ಬಾರದಿದ್ದರೆ ನಿಮ್ಮ ಪತ್ರವನ್ನೇ ಪ್ರಕಟಿಸುತ್ತೇವೆ.

– ಸಂಪಾದಕ